ಬಳ್ಳಾರಿಯಲ್ಲಿ ಗ್ಯಾರೇಜಿಗೆ ಜಾಗ: ಅಡ್ವಾನ್ಸ್ ಕೊಡುವ ಮೊದಲಿನಿಂದ ಪರವಾನಗಿ ಕೈಸೇರುವವರೆಗೆ

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕೌಲ್ ಬಜಾರಿನ ಮಿಸ್ತ್ರಿಯೊಬ್ಬರು ಬಂದು ನನ್ನ ಮೇಜಿನ ಮೇಲೆ ಛಾಪಾ ಕಾಗದದ ಕರಾರು ಬಿಚ್ಚಿಟ್ಟರು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಎಣ್ಣೆ ಹತ್ತಿ, ಆಚೆ ಬದಿಯ ಅಕ್ಷರ ಈಚೆ ಕಾಣುತ್ತಿತ್ತು. "ಸಾರ್, ಜಾಗ ಸಿಕ್ಕೈತಿ, ಹತ್ತು ಸೆಂಟು. ಅಡ್ವಾನ್ಸ್ ಕೊಟ್ಟೀನಿ. ಒಂದು ಪ್ಲಾನ್ ಹಾಕಿಕೊಡ್ರಿ, ಈ ಸಲ ಆಯುಧಪೂಜೆ ಹೊಸ ಶೆಡ್ಡಿನಾಗೇ ಆಗಬೇಕು" ಅಂದರು. ಇಪ್ಪತ್ತೆರಡು ವರ್ಷ ಬಾಡಿಗೆ ಶೆಡ್ಡಿನಲ್ಲಿ ದುಡಿದು ಕೂಡಿಟ್ಟ ದುಡ್ಡು ಅದು. ಸರ್ವೆ ನಂಬರ್ ಹಿಡಿದು ಮಹಾಯೋಜನೆಯ ನಕ್ಷೆ ನೋಡಿದೆ. ಜಾಗ ಹಳದಿ ಬಣ್ಣದಲ್ಲಿತ್ತು, ಅಂದರೆ ವಾಸದ ವಲಯ. ಸ್ಥಳಕ್ಕೆ ಹೋಗಿ ಟೇಪು ಹಿಡಿದರೆ ಎದುರಿನ ರಸ್ತೆ ಇಪ್ಪತ್ತೇ ಅಡಿ. ಅವರು ಹಾಕಬೇಕೆಂದಿದ್ದದ್ದು ಟಿಪ್ಪರ್ ರಿಪೇರಿಯ ಗ್ಯಾರೇಜು. ಕರಾರು ಮುರಿದು ಅಡ್ವಾನ್ಸಿನಲ್ಲಿ ಅರ್ಧ ವಾಪಸ್ ಬರಲು ಏಳು ತಿಂಗಳು ಹಿಡಿಯಿತು. ಉಳಿದರ್ಧ ಬರಲೇ ಇಲ್ಲ.

ನಾನು ಕಟ್ಟಡದ ನಕ್ಷೆ ಬರೆದು ಫೈಲು ಹಾಕುವ ಕೆಲಸದವನು. ಗ್ಯಾರೇಜಿನವರ ಫೈಲು ಬಂದಾಗಲೆಲ್ಲ ಒಂದೇ ಸಂಕಟ: ಅವರು ನನ್ನ ಹತ್ತಿರ ಬರುವ ಹೊತ್ತಿಗೆ ದುಡ್ಡು ಕೈಬಿಟ್ಟು ಹೋಗಿರುತ್ತದೆ. ಜಾಗದ ಬಣ್ಣ, ಎದುರಿನ ರಸ್ತೆ, ಮೂಲ ಕಾಗದ ಇವು ಮೂರನ್ನು ಅಡ್ವಾನ್ಸಿಗೆ ಮೊದಲೇ ನೋಡಿದ್ದರೆ ಉಳಿದದ್ದೆಲ್ಲ ಓಡಾಟದ ಕೆಲಸ, ಒಂದಲ್ಲ ಒಂದು ದಿನ ಮುಗಿಯುತ್ತದೆ. ಇವು ತಪ್ಪಿದರೆ ಎಂಥ ಎಂಜಿನಿಯರೂ ಏನೂ ಮಾಡಲಾರ. ಬಳ್ಳಾರಿಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳದವರಿಗೂ ಯೋಜನಾ ಕಾಯ್ದೆ ಇದೇ. ನೀವು ಹೋಗಬೇಕಾದ್ದು ನಿಮ್ಮೂರಿನ ಪ್ರಾಧಿಕಾರ ಮತ್ತು ನಿಮ್ಮ ಸ್ಥಳೀಯ ಸಂಸ್ಥೆಗೆ, ಅಷ್ಟೇ ವ್ಯತ್ಯಾಸ.

ಮೊದಲು ನಿಮ್ಮ ಕೆಲಸವನ್ನು ಕಾಗದದ ಮೇಲೆ ಇಳಿಸಿ

"ಗ್ಯಾರೇಜ್" ಅನ್ನುವುದು ನಮ್ಮ ಬಾಯಲ್ಲಿ ಒಂದೇ ಮಾತು. ಕಚೇರಿಯಲ್ಲಿ ಅದು ನಾಲ್ಕೈದು ಬೇರೆಬೇರೆ ಉಪಯೋಗ. ಬೈಕ್ ರಿಪೇರಿ ಅಂಗಡಿಯನ್ನು ನೋಡುವ ಕಣ್ಣೇ ಬೇರೆ, ಡೆಂಟಿಂಗ್-ಪೇಂಟಿಂಗ್ ಇರುವ ಕಾರ್ ಗ್ಯಾರೇಜನ್ನು ನೋಡುವ ಕಣ್ಣೇ ಬೇರೆ, ವಾಟರ್ ಸರ್ವಿಸ್ ಇರುವ ಲಾರಿ ಶೆಡ್ಡನ್ನು ನೋಡುವುದು ಇನ್ನೂ ಬೇರೆ. ಆದ್ದರಿಂದ ಒಂದು ಹಾಳೆ ತೆಗೆದು ಬರೆದುಕೊಳ್ಳಿ: ಯಾವ ಗಾಡಿ, ಒಮ್ಮೆಗೆ ಎಷ್ಟು ನಿಲ್ಲುತ್ತವೆ, ಕಂಪ್ರೆಸರ್, ಲಿಫ್ಟ್, ವೆಲ್ಡಿಂಗ್ ಎಲ್ಲ ಸೇರಿ ಎಷ್ಟು ಹಾರ್ಸ್‌ಪವರ್, ಗಾಡಿ ತೊಳೆಯುತ್ತೀರಾ, ಪೇಂಟ್ ಹೊಡೆಯುತ್ತೀರಾ, ಹುಡುಗರು ಎಷ್ಟು ಜನ. ಮೋಟಾರಿನ ಮೇಲಿನ ತಗಡಿನ ಪಟ್ಟಿಯಲ್ಲಿ ಹಾರ್ಸ್‌ಪವರ್ ಬರೆದಿರುತ್ತದೆ. ಮಸಿ ಒರೆಸಿ ನೋಡಿ, ಅಂದಾಜು ಬೇಡ. ಮುಂದಿನ ಪ್ರತಿ ಅರ್ಜಿಯಲ್ಲೂ ಇದೇ ಅಂಕಿ ಬರಬೇಕು. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಐದು ಎಂದು, ಕರೆಂಟು ಕೊಡುವ ಕಂಪನಿ ಜೆಸ್ಕಾಂಗೆ ಹದಿನೈದು ಎಂದು ಬರೆದುಕೊಟ್ಟವರ ಫೈಲು ನಿಲ್ಲುವುದು ಅಲ್ಲೇ.

ಎರಡನೆಯದು: ಜಾಗದ ಬಣ್ಣ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ ಕೆಳಗೆ ಪ್ರತಿ ಯೋಜನಾ ಪ್ರದೇಶಕ್ಕೂ ಒಂದು ಮಹಾಯೋಜನೆ, ಜೊತೆಗೆ ವಲಯ ನಿಯಮಾವಳಿ ಇರುತ್ತದೆ. ಮಹಾಯೋಜನೆ ಅಂದರೆ ಊರಿನ ನಕ್ಷೆಗೆ ಬಣ್ಣ ತುಂಬಿದ ಹಾಳೆ. ಸಾಮಾನ್ಯವಾಗಿ ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಉಪಯೋಗಕ್ಕೆ, ಹಸಿರು ಉದ್ಯಾನ ಮತ್ತು ಕೃಷಿಗೆ. ನಕ್ಷೆಯ ಮೂಲೆಯಲ್ಲಿ ಸೂಚಿ ಇರುತ್ತದೆ, ಅದನ್ನೇ ನಂಬಿ. ವಲಯ ನಿಯಮಾವಳಿಯಲ್ಲಿ ಯಾವ ಬಣ್ಣದಲ್ಲಿ ಏನು ಮಾಡಬಹುದು ಎಂಬ ಪಟ್ಟಿ ಇರುತ್ತದೆ: ಕೆಲವು ಉಪಯೋಗಕ್ಕೆ ನೇರ ಅವಕಾಶ, ಕೆಲವಕ್ಕೆ ಪ್ರಾಧಿಕಾರದ ವಿಶೇಷ ಅನುಮತಿ ಪಡೆದ ಮೇಲೆ ಅವಕಾಶ, ಉಳಿದವಕ್ಕೆ ಇಲ್ಲ. ಅದರ ಹಿಂದೆ ಸೇವಾ ಕೈಗಾರಿಕೆಗಳ ಅನುಸೂಚಿಯೂ ಇರುತ್ತದೆ. ಗ್ಯಾರೇಜಿನವರು ಬೆರಳಿಟ್ಟು ಓದಬೇಕಾದ್ದು ಆ ಅನುಸೂಚಿಯನ್ನು. ಹಾರ್ಸ್‌ಪವರ್ ಮಿತಿ, ವಿಸ್ತೀರ್ಣದ ಮಿತಿ ಅಲ್ಲೇ ಸಿಗುವುದು.

ಮಾಡಬೇಕಾದ್ದು ಇಷ್ಟು. ಮಾರುವವರಿಂದ ಸರ್ವೆ ನಂಬರ್, ಹಿಸ್ಸಾ ನಂಬರ್ ಬರೆಸಿಕೊಳ್ಳಿ. ಹಳೆ ಊರಿನ ಒಳಗಾದರೆ ಟಿ.ಎಸ್. ನಂಬರ್ (ಟೌನ್ ಸರ್ವೆ ನಂಬರ್), ವಾರ್ಡ್, ಬ್ಲಾಕ್. ಬಳ್ಳಾರಿ 1953ರ ತನಕ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಟೌನ್ ಸರ್ವೆಯೂ ಸೆಂಟಿನ ಲೆಕ್ಕವೂ ಅಲ್ಲಿಂದ ಉಳಿದು ಬಂದದ್ದು. ಒಂದು ಸೆಂಟ್ ಅಂದರೆ 435.6 ಚದರಡಿ, ಹತ್ತು ಸೆಂಟಿಗೆ 4356. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಗುಂಟೆಯ ಲೆಕ್ಕ, ಗುಂಟೆಗೆ 1089 ಚದರಡಿ. ಹಳೆಯ ಕಾಗದ ಉರ್ದುವಿನಲ್ಲಿದ್ದರೆ ತರ್ಜುಮೆ ಮಾಡಿಸಿಯೇ ಮುಂದುವರಿಯಿರಿ. ಈ ನಂಬರ್ ಹಿಡಿದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ನಮ್ಮ ಬಾಯಲ್ಲಿ ಬುಡಾದಲ್ಲಿ, ಭೂಬಳಕೆಯ ಬಗ್ಗೆ ಬರಹದಲ್ಲಿ ದೃಢೀಕರಣ ಕೇಳಿ. ಯಾರೋ ಕಂಪ್ಯೂಟರಿನಲ್ಲಿ ನೋಡಿ "ಆಗುತ್ತೆ ಹೋಗ್ರಿ" ಅಂದದ್ದು ಸಾಲದು. ಶುಲ್ಕ ಕಟ್ಟಿ, ಸಹಿ ಮೊಹರು ಇರುವ ಕಾಗದ ತೆಗೆದುಕೊಳ್ಳಿ. ಆ ಹಾಳೆಗೆ ಕೊಡುವ ದುಡ್ಡು ನಿಮ್ಮ ಇಡೀ ಯೋಜನೆಯಲ್ಲೇ ಅತಿ ಕಡಿಮೆ ಖರ್ಚು, ನಿಮ್ಮನ್ನು ಅತಿ ಹೆಚ್ಚು ಕಾಪಾಡುವ ಖರ್ಚು.

ಬಣ್ಣ ಹೊಂದದಿದ್ದರೆ? ಕಾಯ್ದೆಯ 14-ಎ ಕಲಮಿನಲ್ಲಿ ಭೂಬಳಕೆ ಬದಲಾವಣೆ ಕೇಳಲು ದಾರಿಯಿದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕೆ ಒಪ್ಪಬೇಕು, ಶುಲ್ಕ ಕಟ್ಟಬೇಕು. ಸುತ್ತಲೂ ಮನೆಗಳಿರುವ ಜಾಗದಲ್ಲಿ ಒಂದೇ ಒಂದು ಸೈಟನ್ನು ಗ್ಯಾರೇಜಿಗೆಂದು ಬದಲಾಯಿಸಿಕೊಡಿ ಎಂದರೆ ಪಕ್ಕದ ಮನೆಯವರು ಸುಮ್ಮನಿರುವುದಿಲ್ಲ, ಸುಮ್ಮನಿರಬೇಕೆಂದು ಬಯಸುವುದೂ ನ್ಯಾಯವಲ್ಲ. ನನ್ನನ್ನು ಕೇಳಿದರೆ ಹಳದಿ ಜಾಗ ಬಿಟ್ಟು ನೀಲಿ, ನೇರಳೆ ಹುಡುಕಿ. ಸೆಂಟಿಗೆ ಒಂದಿಷ್ಟು ಜಾಸ್ತಿಯಾದರೂ ಆಗಲಿ.

ಇನ್ನೊಂದು ದಾರಿ ಹಲವರಿಗೆ ಹೊಳೆಯುವುದೇ ಇಲ್ಲ. ಮುಂಡರಗಿಯಂಥ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಟ್ ಅಥವಾ ಶೆಡ್ ಸಿಕ್ಕರೆ ಬಣ್ಣದ ಚಿಂತೆಯೇ ಇರುವುದಿಲ್ಲ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಯಲ್ಲಿ ನಕ್ಷೆಯ ಮಂಜೂರಾತಿಯೂ ಮಂಡಳಿಯಿಂದಲೇ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಖಾಲಿ ಪ್ಲಾಟುಗಳ ಬಗ್ಗೆ ವಿಚಾರಿಸಿ. ಲಾರಿ, ಟಿಪ್ಪರ್ ಕೆಲಸದವರಿಗೆ ಇದು ಒಳ್ಳೆಯದು. ಬೈಕ್ ರಿಪೇರಿಯವರಿಗೆ ಗಿರಾಕಿ ಅಷ್ಟು ದೂರ ಬರುವುದಿಲ್ಲ.

ರಸ್ತೆ, ತಂತಿ, ಹಳಿ, ಕೋಟೆ

ಜಾಗದ ಎದುರು ನಿಂತು ರಸ್ತೆಯನ್ನು ಟೇಪಿನಲ್ಲಿ ಅಳೆಯಿರಿ. ಡಾಂಬರಿನ ಅಗಲವನ್ನಷ್ಟೇ ಅಳೆದು ಬರಬೇಡಿ, ಎರಡೂ ಬದಿಯ ಆಸ್ತಿಗಳ ಗಡಿಯಿಂದ ಗಡಿಗೆ ಹಿಡಿಯಿರಿ. ಮಹಾಯೋಜನೆಯಲ್ಲಿ ಆ ರಸ್ತೆಗೆ ಅಗಲೀಕರಣ ತೋರಿಸಿದ್ದರೆ ಅಷ್ಟು ಅಡಿ ನಿಮ್ಮ ಸೈಟಿನಿಂದ ಹೋಗುತ್ತದೆ, ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ, ಅಲ್ಲಿಂದಾಚೆಗೆ ಶುರು. ಸಿರುಗುಪ್ಪ ಕಡೆಗೂ ಬೆಂಗಳೂರು ಕಡೆಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ, ಹೊಸಪೇಟೆ-ಕೊಪ್ಪಳ ಕಡೆಯ ಹೆದ್ದಾರಿ 67, ಇವುಗಳ ಪಕ್ಕ ಜಾಗ ನೋಡುವವರು ಬಹಳ. ಗಿರಾಕಿ ಅಲ್ಲೇ ಹೋಗುತ್ತಾನಲ್ಲ. ಆದರೆ ಹೆದ್ದಾರಿಗೆ ನೇರ ಬಾಗಿಲು ತೆಗೆಯಲು ಹೆದ್ದಾರಿ ಪ್ರಾಧಿಕಾರದ ಪ್ರವೇಶ ಅನುಮತಿ ಬೇಕು. ಊರ ಹೊರಗೆ ರಸ್ತೆಯ ಮಧ್ಯದಿಂದ 40 ಮೀಟರ್ ಒಳಗೆ ಕಟ್ಟಡ ಬರಬಾರದು, 75 ಮೀಟರ್ ತನಕ ನಿಯಂತ್ರಣ ಎಂಬುದು ಅಲ್ಲಿಯ ಮಾನದಂಡ. ರಸ್ತೆ ಪಕ್ಕದ ಅಗ್ಗದ ಪಟ್ಟಿಯನ್ನು ತೋರಿಸಿದರೆ ಮೊದಲು ಈ 40 ಮೀಟರನ್ನು ಅಳೆದು ನೋಡಿ. ಎಷ್ಟೋ ಸಲ ಇಡೀ ಜಾಗ ಅದರೊಳಗೇ ಮುಗಿದುಹೋಗಿರುತ್ತದೆ.

ತಲೆ ಎತ್ತಿ ತಂತಿಯನ್ನೂ ನೋಡಿ. 11 ಕೆ.ವಿ. ತಂತಿಯಿಂದ ಕಟ್ಟಡಕ್ಕೆ ಅಡ್ಡಲಾಗಿ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಬೇಕು. ಟಿಪ್ಪರ್ ಡಬ್ಬಿ ಎತ್ತಿ ಹೈಡ್ರಾಲಿಕ್ ನೋಡುವ ಗ್ಯಾರೇಜಿನಲ್ಲಿ ಇದು ಪ್ರಾಣದ ಪ್ರಶ್ನೆ, ಅಂತಹ ಜಾಗ ಬೇಡವೇ ಬೇಡ. ರೈಲ್ವೆ ಗಡಿಯಿಂದ 30 ಮೀಟರ್ ಒಳಗಾದರೆ ರೈಲ್ವೆಯ ನಿರಾಕ್ಷೇಪಣೆ ಕೇಳುತ್ತಾರೆ. ಕಾಲುವೆ, ಹಳ್ಳದ ಅಂಚಾದರೆ ನೀರಾವರಿ ಇಲಾಖೆಯನ್ನು ವಿಚಾರಿಸಿ. ಬಳ್ಳಾರಿ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ತನಕ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಗಿನ 200 ಮೀಟರಿನಲ್ಲಿ ಮೊದಲು ಪುರಾತತ್ವದವರ ಅನುಮತಿ.

ಕಾಗದಗಳು

ಕೃಷಿ ಜಮೀನಾದರೆ ಪಹಣಿ, ಮ್ಯುಟೇಶನ್, ಮಾರುವ ತುಂಡನ್ನು ಅಳೆದು ತೋರಿಸುವ 11ಇ ಸರ್ವೆ ನಕ್ಷೆ. ಸೈಟಾದರೆ ಕ್ರಯಪತ್ರ, ಕಂದಾಯ ರಸೀದಿ, ಇ-ಖಾತಾ. ಎರಡಕ್ಕೂ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಇದನ್ನು ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಸಬಹುದು. ಹಳ್ಳಿಯ ಮಿತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಕೈಗೆ 11ಬಿ, ಅಂದರೆ ಅನುಮೋದನೆ ಇಲ್ಲದ ಆಸ್ತಿಯ ನಮೂನೆ, ಕೊಟ್ಟರೆ ಅಲ್ಲೇ ನಿಲ್ಲಿ, ಅದರ ಮೇಲೆ ಗ್ಯಾರೇಜಿನ ಮಂಜೂರಾತಿ ಪಡೆಯುವುದು ತೊಡಕಿನ ಕೆಲಸ.

ಸರ್ಕಾರದಿಂದ ಮಂಜೂರಾದ ಜಮೀನೇ ಎಂದು ತಪ್ಪದೆ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ. ಮೂಲ ಕುಟುಂಬಕ್ಕೆ ಜಮೀನು ವಾಪಸ್ ಕೊಡಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಅದು ಅವರ ಹಕ್ಕು. ನೀವು ಅದರ ಮೇಲೆ ಶೆಡ್ಡು ಕಟ್ಟಲು ಹೋಗಬಾರದು.

ಕೃಷಿ ಜಮೀನಿಗೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಭೂಪರಿವರ್ತನೆ ಆಗಬೇಕು. ಇಲ್ಲಿ ಹಲವರು ಎಡವುತ್ತಾರೆ. "ಎನ್.ಎ. ಆಗೇತಿ ಸಾರ್" ಅನ್ನುತ್ತಾರೆ, ಅಂದರೆ ಕೃಷಿಯೇತರ ಆಗಿದೆ ಎಂದು, ಆದೇಶ ತೆಗೆದು ಓದಿದರೆ ಒಳಗೆ "ವಾಸದ ಉದ್ದೇಶಕ್ಕೆ" ಎಂದಿರುತ್ತದೆ. ಪರಿವರ್ತನೆಯ ಆದೇಶದಲ್ಲಿ ಉದ್ದೇಶ ಬರೆದೇ ಇರುತ್ತದೆ: ವಾಸ, ವಾಣಿಜ್ಯ ಅಥವಾ ಕೈಗಾರಿಕೆ. ನಿಮ್ಮ ಉಪಯೋಗಕ್ಕೆ ಒಪ್ಪುವ ಉದ್ದೇಶವೇ ಅಲ್ಲಿರಬೇಕು. ಪರಿವರ್ತನೆ ಆದ ಮೇಲೂ ನೇರ ಕಟ್ಟಡದ ನಕ್ಷೆಗೆ ಹೋಗುವಂತಿಲ್ಲ. ಮೊದಲು ಪ್ರಾಧಿಕಾರದಿಂದ ಆ ತುಂಡಿಗೆ ಏಕ ನಿವೇಶನದ ವಿನ್ಯಾಸ ಅನುಮೋದನೆ, ಆಮೇಲೆ ಇ-ಖಾತಾ, ಆಮೇಲೆ ಕಟ್ಟಡ. ಹಿಂದುಮುಂದಾದರೆ ಫೈಲು ತಿರುಗಿ ಬರುತ್ತದೆ.

ಬಾಡಿಗೆ ಜಾಗದವರಿಗೊಂದು ಮಾತು. ಕಟ್ಟಡದ ಅರ್ಜಿ ಮಾಲೀಕರ ಹೆಸರಿನಲ್ಲೇ ಹೋಗಬೇಕು, ಅವರ ಒಪ್ಪಿಗೆ ಬರಹದಲ್ಲಿರಬೇಕು. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು. ನಿಮ್ಮ ದುಡ್ಡಿನಲ್ಲಿ ಪಿಟ್ಟು (ಗಾಡಿಯ ಅಡಿ ಇಳಿದು ಕೆಲಸ ಮಾಡುವ ಗುಂಡಿ) ತೋಡಿ ಕಾಂಕ್ರೀಟ್ ಹಾಕಿ, ಹನ್ನೊಂದು ತಿಂಗಳ ಕರಾರು ನಂಬಿ ಕೂತರೆ ಹನ್ನೆರಡನೇ ತಿಂಗಳು ಬಾಡಿಗೆ ಎಷ್ಟಾಗುತ್ತದೋ ಗೊತ್ತಿಲ್ಲ. ಲೀಸಿನಲ್ಲಿ ಕಡಿಮೆಯೆಂದರೆ ಐದು ವರ್ಷ ಇರಲಿ. ಗ್ಯಾರೇಜಿನ ಉಪಯೋಗಕ್ಕೆ ಎಂದು ಸ್ಪಷ್ಟವಾಗಿ ಬರೆಸಿ.

ನಕ್ಷೆ: ಇಲ್ಲಿ ಅವಸರ ಬೇಡ

ನಕ್ಷೆಯನ್ನು ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಬರೆದು ಆನ್‌ಲೈನಿನಲ್ಲಿ ಹಾಕುತ್ತಾರೆ. ಆದರೆ ಗ್ಯಾರೇಜಿನ ಒಳಗೆ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವುದು ನಿಮಗೆ. ಮನೆಯ ನಕ್ಷೆಯನ್ನೇ ಸ್ವಲ್ಪ ತಿದ್ದಿ "ವರ್ಕ್‌ಶಾಪ್" ಎಂದು ಬರೆದು ಕೊಡುವವರೂ ಇದ್ದಾರೆ, ಅದಕ್ಕೆ ಒಪ್ಪಬೇಡಿ. ಎದುರು ಕೂತು ಬರೆಸಿ.

ಲೆಕ್ಕಕ್ಕೆ 40-60 ಅಡಿಯ ಸೈಟ್ ತೆಗೆದುಕೊಳ್ಳಿ. ಮೀಟರಿನಲ್ಲಿ 12.2 ಮತ್ತು 18.3. ಸೆಟ್‌ಬ್ಯಾಕ್ ಎಷ್ಟೆಂಬುದು ನಿಮ್ಮ ವಲಯ ನಿಯಮಾವಳಿಯ ಕೋಷ್ಟಕದಲ್ಲಿ ಸೈಟಿನ ಅಳತೆ, ಉಪಯೋಗ, ಎತ್ತರದ ಮೇಲೆ ನಿಲ್ಲುತ್ತದೆ. ಲೆಕ್ಕಕ್ಕಾಗಿ ಮುಂದೆ 3 ಮೀಟರ್, ಉಳಿದ ಮೂರು ಕಡೆ ಒಂದೂವರೆ ಎಂದು ಹಿಡಿಯೋಣ. ಕಟ್ಟಲು ಉಳಿಯುವುದು 9.2ಕ್ಕೆ 13.8, ಸುಮಾರು 127 ಚದರ ಮೀಟರ್. ಒಂದು ಕಾರಿಗೆ ಬಾಗಿಲು ತೆಗೆದು ಸುತ್ತ ಓಡಾಡಿ ಕೆಲಸ ಮಾಡಲು ಮೂರೂವರೆ ಮೀಟರ್ ಅಗಲ, ಆರು ಮೀಟರ್ ಉದ್ದ ಬೇಕು, ಅಂದರೆ 21 ಚದರ ಮೀಟರ್. ಭಾಗಿಸಿದರೆ ಆರು ಕಾರು ಬಂತು ಅನ್ನಿಸುತ್ತದೆ. ಆದರೆ ನಡುವೆ ಗಾಡಿ ಬಂದು ಹೋಗುವ ದಾರಿ, ಬಿಡಿಭಾಗದ ಕೋಣೆ, ಆಫೀಸು, ಶೌಚಾಲಯ, ಕಂಪ್ರೆಸರ್ ಮೂಲೆ ತೆಗೆದರೆ ನಿಲ್ಲುವುದು ಮೂರು. ಉಳಿದ ಗಾಡಿಗಳು ರಸ್ತೆಗೆ ಬರುತ್ತವೆ, ದೂರು ಶುರುವಾಗುವುದು ಅಲ್ಲಿಂದಲೇ. ಲಾರಿಯದಂತೂ ಕೇಳಲೇಬೇಡಿ. ಕಾನೂನು ಒಪ್ಪುವ ಉದ್ದದ ಲಾರಿ 12 ಮೀಟರ್ ತನಕ ಇರಬಹುದು, ಅದು ಈ ಸೈಟಿನಲ್ಲಿ ತಿರುಗುವುದೇ ಇಲ್ಲ. ಸೈಟ್ ಕೊಳ್ಳುವ ಮುಂಚೆ ಅಲ್ಲೇ ನೆಲದ ಮೇಲೆ ಸುಣ್ಣದ ಗೆರೆ ಎಳೆದು ನಿಮ್ಮ ಗಾಡಿಯನ್ನೇ ಒಳಗೆ ತಂದು ಹೊರಗೆ ತೆಗೆದು ನೋಡಿ. ಯಾವ ನಕ್ಷೆಯೂ ಹೇಳದ್ದನ್ನು ಆ ಸುಣ್ಣದ ಗೆರೆ ಹೇಳುತ್ತದೆ.

ಪಿಟ್ಟು ತೋಡುವವರು ಮಣ್ಣು ನೋಡಿ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬರೀ ಇಟ್ಟಿಗೆ ಗೋಡೆಯ ಪಿಟ್ಟು ಅಲ್ಲಿ ಹೆಚ್ಚು ದಿನ ತಡೆಯುವುದಿಲ್ಲ, ಕಾಂಕ್ರೀಟೇ ಬೇಕು. ಪೆಟ್ರೋಲಿನ ಆವಿ, ಗ್ಯಾಸ್ ಗಾಡಿಯಿಂದ ಸೋರುವ ಎಲ್.ಪಿ.ಜಿ. ಎರಡೂ ಗಾಳಿಗಿಂತ ಭಾರ, ನೇರ ಪಿಟ್ಟಿಗೆ ಇಳಿದು ಕೂರುತ್ತವೆ. ಪಿಟ್ಟಿನೊಳಗೆ ಸ್ವಿಚ್ಚು, ಪ್ಲಗ್ಗು ಇಡಬೇಡಿ. ಕಡಿಮೆ ವೋಲ್ಟೇಜಿನ ಮುಚ್ಚಿದ ದೀಪ ಹಾಕಿ, ಗಾಳಿ ಹಾಯಲು ತಳದಲ್ಲಿ ಪೈಪು ತೋರಿಸಿ.

ಇನ್ನು ನೀರು ಮತ್ತು ಕರಿ ಆಯಿಲು. ಗಾಡಿ ತೊಳೆಯುವ ಜಾಗಕ್ಕೆ ಸುತ್ತ ಸಣ್ಣ ಕಟ್ಟೆ, ಒಂದು ಮೂಲೆಗೆ ಇಳಿಜಾರು, ಅಲ್ಲಿಂದ ಮೂರು ಕೋಣೆಯ ತೊಟ್ಟಿ. ಮೊದಲ ಕೋಣೆಯಲ್ಲಿ ಮಣ್ಣು ಕೂರುತ್ತದೆ. ಎಣ್ಣೆ ಹಗುರವಾದ್ದರಿಂದ ಎರಡನೆಯದರಲ್ಲಿ ಮೇಲೆ ತೇಲುತ್ತದೆ. ಮೂರನೆಯದಕ್ಕೆ ನೀರು ತಳದಿಂದ ಹೋಗಬೇಕು, ಆದ್ದರಿಂದ ಪೈಪಿನ ಬಾಯಿ ಕೆಳಮುಖವಾಗಿರಲಿ. ಇದನ್ನು ತಿರುವುಮುರುವು ಮಾಡಿ, ಮೇಲಿನಿಂದ ಪೈಪು ಕೊಟ್ಟು ಎಣ್ಣೆಯನ್ನೇ ಚರಂಡಿಗೆ ಕಳಿಸುವ ತೊಟ್ಟಿಗಳನ್ನು ಕಣ್ಣಾರೆ ಕಂಡಿದ್ದೇನೆ. ಸೋಪಿನ ನೊರೆ ಎಣ್ಣೆಯನ್ನು ನೀರಿನಲ್ಲಿ ಕಲಸಿಬಿಡುತ್ತದೆ, ಆಗ ತೊಟ್ಟಿ ಕೆಲಸ ಮಾಡುವುದಿಲ್ಲ. ಎಂಜಿನ್ ತೊಳೆಯುವ ನೀರೂ ಬಾಡಿ ತೊಳೆಯುವ ನೊರೆಯೂ ಬೇರೆ ಬೇರೆ ದಾರಿಯಲ್ಲಿ ಹೋದರೆ ಒಳ್ಳೆಯದು. ಎರೆ ಮಣ್ಣಿನಲ್ಲಿ ಇಂಗುಗುಂಡಿ ನಂಬಬೇಡಿ, ನೀರು ಇಂಗದೆ ಹಾಗೇ ನಿಲ್ಲುತ್ತದೆ. ಒಳನಾಡಿನ ನೀರಿಗೆ ಬಿಡುವುದಾದರೆ ಲೀಟರಿಗೆ 10 ಮಿಲಿಗ್ರಾಂ, ಒಳಚರಂಡಿಗಾದರೆ 20 ಮಿಲಿಗ್ರಾಂ ಎಣ್ಣೆ-ಜಿಡ್ಡು ಮೀರಬಾರದು ಎಂಬುದು ನಿಯಮ. ಜೀನ್ಸ್ ಬಟ್ಟೆ ತೊಳೆಯುವ ಘಟಕಗಳ ಕೊಳೆ ನೀರಿನಿಂದ ಏನಾಗುತ್ತದೆ ಎಂದು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕರಿ ಆಯಿಲಿಗೆ ಪ್ರತ್ಯೇಕ ಕೋಣೆ, ಒಡೆಯದ ನೆಲ, ಮುಚ್ಚಳವಿರುವ ಡ್ರಮ್ಮು, ಡ್ರಮ್ಮಿನ ಸುತ್ತ ಕಟ್ಟೆ ಇವನ್ನೆಲ್ಲ ನಕ್ಷೆಯಲ್ಲೇ ತೋರಿಸಿ. ಆಮೇಲೆ ಸೇರಿಸೋಣ ಎಂದರೆ ಜಾಗ ಇರುವುದಿಲ್ಲ.

ಫೈಲು ಹಾಕುವುದು

ಮಹಾನಗರ ಪಾಲಿಕೆಯ ಮಿತಿಯಲ್ಲಿ ಕಟ್ಟಡ ಪರವಾನಗಿ ಕೊಡುವುದು ಪಾಲಿಕೆ, 1976ರ ಪಾಲಿಕೆ ಕಾಯ್ದೆಯ ಪ್ರಕಾರ. ಅಭಿವೃದ್ಧಿಗೆ ಯೋಜನಾ ಕಾಯ್ದೆಯ 15ನೇ ಕಲಮಿನ ಅನುಮತಿ ಪ್ರಾಧಿಕಾರದ ಕಡೆಯದು. ನಿಮ್ಮ ಜಾಗಕ್ಕೆ ಮೊದಲು ಎಲ್ಲಿ, ಆಮೇಲೆ ಎಲ್ಲಿ ಎಂದು ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ಅರ್ಜಿ ಹಾಕಿದ ದಿನವೇ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆ ಅವಧಿ ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರವೂ ಇದೆ. 500 ರೂಪಾಯಿ ದೊಡ್ಡದಲ್ಲ, ಆದರೆ ಮೇಲ್ಮನವಿ ಹೋದ ಫೈಲಿಗೆ ಕೆಳಗಿನವರು ಲಿಖಿತ ಕಾರಣ ಕೊಡಬೇಕಾಗುತ್ತದೆ. ಫೈಲು ಎಲ್ಲಿದೆ ಎಂದೇ ತಿಳಿಯದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು.

ಸ್ಥಳ ಪರಿಶೀಲನೆಗೆ ಬಂದಾಗ ನೀವೇ ಅಲ್ಲಿರಿ. ನಾಲ್ಕು ಮೂಲೆಗೆ ಕಲ್ಲು ನೆಟ್ಟು ಸುಣ್ಣ ಬಳಿದಿರಲಿ. ಪಕ್ಕದವರ ಜೊತೆ ಗಡಿ ತಕರಾರಿದ್ದರೆ ಅದನ್ನು ಮೊದಲು ಸರ್ವೆಯಲ್ಲಿ ಮುಗಿಸಿ. ಫೈಲಿನಲ್ಲಿ ಇದು ಇಲ್ಲ, ಅದು ಇಲ್ಲ ಎಂಬ ಕೊರತೆ ಪತ್ರ ಬಂದರೆ ಬೇಸರ ಬೇಡ, ಎಲ್ಲ ಅಂಶಗಳಿಗೂ ಒಂದೇ ಸಲ ಉತ್ತರ ಕೊಡಿ. ಶುಲ್ಕವನ್ನು ಆನ್‌ಲೈನಿನಲ್ಲಿ ಅಥವಾ ಚಲನ್ನಿನಲ್ಲಿ ಮಾತ್ರ ಕಟ್ಟಿ. ರಸೀದಿ ಇಲ್ಲದ ದುಡ್ಡು ಯಾರಿಗೂ ಕೊಡಬೇಡಿ. ಪರವಾನಗಿಯ ಮೇಲೆ ಅವಧಿ ಬರೆದಿರುತ್ತದೆ, ಮುಗಿಯುವ ಮೊದಲೇ ನವೀಕರಣಕ್ಕೆ ಹಾಕಿ.

ಮಾಲಿನ್ಯ ನಿಯಂತ್ರಣ ಮಂಡಳಿ

ಇದನ್ನು ಕೊನೆಗೆ ಬಿಡುವವರೇ ಹೆಚ್ಚು. ಕಟ್ಟುವ ಮೊದಲೇ ಬೇಕಾದ್ದು ಸ್ಥಾಪನಾ ಸಮ್ಮತಿ, ಕೆಲಸ ಶುರುಮಾಡುವ ಮೊದಲು ಕಾರ್ಯಾಚರಣೆಯ ಸಮ್ಮತಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಎರಡರ ಅಡಿಯಲ್ಲೂ. ವಾಹನ ಸರ್ವಿಸ್, ರಿಪೇರಿ, ಪೇಂಟಿಂಗನ್ನು 2016ರ ಕೇಂದ್ರ ಮಂಡಳಿಯ ವರ್ಗೀಕರಣದಲ್ಲಿ ಕಿತ್ತಳೆ ವರ್ಗಕ್ಕೆ, ಅಂದರೆ ಮಧ್ಯಮ ಮಾಲಿನ್ಯದ ವರ್ಗಕ್ಕೆ, ಹಾಕಿದ್ದರು. ಅರ್ಜಿ ಹಾಕುವ ದಿನ ನಿಮ್ಮ ಕೆಲಸ ಯಾವ ವರ್ಗದಲ್ಲಿದೆ ಎಂದು ಪ್ರಾದೇಶಿಕ ಕಚೇರಿಯಲ್ಲಿ ಬರೆದು ಕೇಳಿ. ಶುಲ್ಕ ನೀವು ಹೂಡುವ ಬಂಡವಾಳದ ಮೇಲೆ.

ಕರಿ ಆಯಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬರುತ್ತದೆ. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೇ ಕೊಡಬೇಕು, ಪ್ರತಿ ಸಲ ಲೆಕ್ಕ ಬರೆದಿಡಬೇಕು. ಬಕೆಟ್ಟಿನಲ್ಲಿ ಕೊಂಡು ಹೋಗಿ ಸೆಂಟ್ರಿಂಗ್ ಹಲಗೆಗೆ ಬಳಿಯುವವರಿಗೆ ಮಾರುವುದು ನಮ್ಮ ಕಡೆ ರೂಢಿ, ಅದನ್ನು ಬಿಡಬೇಕು. ಹಳೆ ಬ್ಯಾಟರಿಗೆ 2022ರ ಬೇರೆಯೇ ನಿಯಮವಿದೆ. ಶಬ್ದಕ್ಕೂ ಮಿತಿ ಇದೆ: ವಾಣಿಜ್ಯ ಪ್ರದೇಶದಲ್ಲಿ ಹಗಲು 65 ಡೆಸಿಬೆಲ್, ರಾತ್ರಿ 55. ವಾಸದ ಪ್ರದೇಶದಲ್ಲಿ 55 ಮತ್ತು 45. ಕಂಪ್ರೆಸರನ್ನು ಮನೆಗಳಿರುವ ಬದಿಯ ಗೋಡೆಗೆ ಇಡಬೇಡಿ.

ಕಟ್ಟಿದ ಮೇಲೆ

ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಿ. ಸೆಟ್‌ಬ್ಯಾಕಿಗೆ ತಗಡು ಇಳಿಸಿ "ಬರೀ ನೆರಳಿಗೆ" ಎಂದರೆ ಸ್ವಾಧೀನ ಪತ್ರದ (ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂದು ಕೊಡುವ ಪತ್ರ) ಹೊತ್ತಿಗೆ ಕಿತ್ತುಹಾಕಬೇಕಾಗುತ್ತದೆ. ನಿಯಮ ಮೀರಿದ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಬರುತ್ತದೆ ಎಂದು ಕಾಯುವವರು ಇದನ್ನು ನೆನಪಿಡಿ: ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. 2024ರ ಡಿಸೆಂಬರ್ 17ರ ಇನ್ನೊಂದು ತೀರ್ಪಿನಲ್ಲಿ, ಸ್ವಾಧೀನ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿತು. ಅಲ್ಲಿಂದೀಚೆಗೆ ಜೆಸ್ಕಾಂ ಮುಂದೆ ಈ ಪತ್ರದ ಪ್ರಶ್ನೆ ಮೊದಲು ಬರುತ್ತದೆ. ಲಿಫ್ಟು, ಕಂಪ್ರೆಸರು ತಂದಿಟ್ಟು ಕರೆಂಟಿಲ್ಲದೆ ಬ್ಯಾಂಕಿನ ಕಂತು ಕಟ್ಟುತ್ತಾ ಕೂರುವ ಪಾಡು ಯಾರಿಗೂ ಬೇಡ.

ಇದಾದ ಮೇಲೆ ಪಾಲಿಕೆಯ ವ್ಯಾಪಾರ ಪರವಾನಗಿ, ಕಾಯ್ದೆಯ 353ನೇ ಕಲಮಿನದು. ವರ್ಷವರ್ಷ ನವೀಕರಿಸಬೇಕು. ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಇವೆರಡೂ ಆನ್‌ಲೈನಿನಲ್ಲಿ ಬೇಗ ಮುಗಿಯುತ್ತವೆ. ವ್ಯಾಪಾರ ಪರವಾನಗಿ ಹಳೆಯದಿದೆ ಎಂದು ಕಟ್ಟಡ ಸಕ್ರಮವಾಗುವುದಿಲ್ಲ. ಅದು ವ್ಯಾಪಾರಕ್ಕೆ ಕೊಟ್ಟದ್ದು, ಗೋಡೆಗೆ ಕೊಟ್ಟದ್ದಲ್ಲ.

ಆ ಮಿಸ್ತ್ರಿ ಮೊನ್ನೆ ಮತ್ತೆ ಬಂದಿದ್ದರು. ಈ ಸಲ ಕರಾರು ಪತ್ರ ತಂದಿರಲಿಲ್ಲ, ಸರ್ವೆ ನಂಬರ್ ಬರೆದ ಒಂದು ಚೀಟಿ ಮಾತ್ರ. ಭೂಬಳಕೆಯ ದೃಢೀಕರಣಕ್ಕೆ ಅರ್ಜಿ ಹಾಕಿದ್ದೇವೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಟೇಪು, ಒಂದು ಚೀಲ ಸುಣ್ಣ, ಅವರದೇ ಗಿರಾಕಿಯ ಒಂದು ಟಿಪ್ಪರ್ ತೆಗೆದುಕೊಂಡು ಜಾಗಕ್ಕೆ ಹೋಗುವುದೆಂದು ಮಾತಾಗಿದೆ.